ಇಳಿದ ಹೊತ್ತು

ಸರೋವರ ಎಂದರೆ ಇಲ್ಲಿಯವರು ಒಪ್ಪುವುದಿಲ್ಲ.
ಲೋಖ್ ಅನ್ನಬೇಕು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರ ಹಾಗೆ.
ಸಮುದ್ರದ ಒಂದು ಬೆರಳು ಬೆಟ್ಟಗಳ ಸಂದಿಗೆ ತೂರಿ
ಇಲ್ಲೇ ಉಳಿದುಬಿಟ್ಟಿದೆ.
ದಿನಕ್ಕೆರಡು ಸಲ ಹೊರಟೆ ಎಂದು ಏಳುತ್ತದೆ
ಹೋಗದ ನೆಂಟನ ಹಾಗೆ.

ದಂಡೆಯಲ್ಲಿ ಇಪ್ಪತ್ತಾರು ಮನೆ, ಒಂದು ಚರ್ಚು,
ಎರಡೇ ರೈಲು ನಿಲ್ಲುವ ನಿಲ್ದಾಣ,
ಬೆಟ್ಟ ಹತ್ತುವವರಿಗೊಂದು ತಂಗುದಾಣ,
ಮತ್ತೆ ಇಶ್ಬೆಲಳ ಅಂಗಡಿ:
ಬೂಟಿನ ಲಾಡಿ, ನಕಾಶೆ, ಅಂಚೆ ಚೀಟಿ,
ಕಣ್ಣಿಗೆ ಕಾಣದೆ ಕಚ್ಚುವ ನುಸಿಗೆ ಹಚ್ಚುವ ಎಣ್ಣೆ,
ಗಲ್ಲೆಯ ಪಕ್ಕ ದಾರದಲ್ಲಿ ಪೆನ್ಸಿಲು ಕಟ್ಟಿದ
ಕೆಂಪು ರಟ್ಟಿನ ಪುಸ್ತಕ.

ಸಾಲಿಗೆ ನಾಲ್ಕು ಮನೆ.
ಹೆಸರು. ಯಾವ ಬೆಟ್ಟ. ಹತ್ತಿದ ಹೊತ್ತು. ಇಳಿದ ಹೊತ್ತು.
ಮೊದಲು ಗೆರೆ ಎಳೆದವನು ಗಂಡ ಫರ್ಕರ್
(ಸತ್ತದ್ದು ಬೆಟ್ಟದಲ್ಲಲ್ಲ, ಹಾಸಿಗೆಯಲ್ಲಿ, ಕೆಮ್ಮಿ ಕೆಮ್ಮಿ).
ಈಗ ಇವಳು ಎಳೆಯುತ್ತಾಳೆ, ಅವನದೇ ಸ್ಕೇಲಿನಲ್ಲಿ.

ದೂರದ ಬೆಟ್ಟ ನುಣ್ಣಗೆ ಅನ್ನುವುದು ನಮ್ಮ ಕಡೆಯ ಮಾತು.
ಇದು ಹತ್ತಿರದ ಬೆಟ್ಟ.
ಅಡುಗೆಮನೆಯಿಂದಲೇ ಅದರ ಗಾಯ ಎಣಿಸಬಹುದು.
ಅರವತ್ತೇಳು ವರ್ಷ ಅದರ ಕಾಲಬುಡದಲ್ಲಿ; ಒಮ್ಮೆಯೂ ಹತ್ತಿಲ್ಲ.
ಬಟ್ಟೆ ಒಣಹಾಕಲೋ ಬೇಡವೋ ಎಂದು
ಕೇಳುವುದಕ್ಕಿರುವ ಮನೆಯ ಹಿರಿಯ, ಅಷ್ಟೆ.
"ಮೇಲಿಂದ ಹೇಗೆ ಕಾಣುತ್ತೆ?" ಎಂದು ಕೇಳಿದವರಿಗೆ
"ಇಳಿದು ಬಂದು ನೀವೇ ಹೇಳಿ" ಅನ್ನುತ್ತಾಳೆ.

ಅಕ್ಟೋಬರಿನ ಒಂದು ಗುರುವಾರ
ಹದಿನೇಳು ಹೆಸರು ಹತ್ತಿದವು, ಹದಿನಾರು ಇಳಿದವು
ಒದ್ದೆ ಸಾಕ್ಸು, ಮೊಣಕಾಲಿನ ದೂರು ಸಮೇತ.
ಉಳಿದದ್ದು: ವಿಟಕರ್. ಒಬ್ಬನೇ. ಒಂಬತ್ತೂ ಹತ್ತು.
ಎಡಕ್ಕೆ ವಾಲಿದ ಅಕ್ಷರ. ಮುಂದಿನ ಮನೆ ಖಾಲಿ.

ಆರಕ್ಕೆ ಮಂಜು ಚರ್ಚಿನ ಗಂಟೆಯವರೆಗೆ ಇಳಿಯಿತು.
ಏಳಕ್ಕೆ ಬಾಗಿಲು ಹಾಕಿದಳು, ದೀಪ ಆರಿಸಲಿಲ್ಲ.
ಎಂಟೂವರೆಗೆ ಕುರಿಯ ಮುರ್ಡೋಗೆ ಫೋನು.
ಊಟಕ್ಕೆ ಕೂತಿದ್ದ.
"ಯಾವ ಕಡೆಯಿಂದ ಹತ್ತಿದ?" ಅಂದ. ಬೇರೇನೂ ಕೇಳಲಿಲ್ಲ.

ಐದು ದೀಪ ಹೊರಟವು.
ಬಂಡೆಯ ಹಿಂದೆ ಮುಳುಗಿ, ಮೂಡಿ,
ಕರಿ ಕಂಬಳಿಗೆ ಯಾರೋ ಬಿಳಿ ದಾರದಲ್ಲಿ
ದೊಡ್ಡ ದೊಡ್ಡ ಹೊಲಿಗೆ ಹಾಕಿದ ಹಾಗೆ.
ಕಿಟಕಿಯಲ್ಲಿ ನಿಂತು ಎಣಿಸಿದಳು. ಐದು. ನಾಲ್ಕು. ಐದು.
ಮೂರು.
ಬಹಳ ಹೊತ್ತು ಮೂರೇ.
ಎಲ್ಲೋ ನಾಯಿಯೊಂದು ಬೊಗಳಿ ಸುಮ್ಮನಾಯಿತು.
ಲೋಖು ಹೊರಟೆ ಎಂದು ಎದ್ದಿತು, ಕೂತಿತು.
ಐದು.

ನಸುಕಿಗೆ ಬರಿಗೈಯಲ್ಲಿ ಇಳಿದರು.
ಚಹಾ ಕುಡಿದು, ಬೆಳಕು ಹರಿದರೆ ಮತ್ತೆ ಹತ್ತೋಣ ಎಂದು
ಅಂಗಡಿಯಲ್ಲಿ ಹಬೆಯಾಡುತ್ತ ಕೂತಿದ್ದಾಗ ಫೋನು ಹೊಡೆಯಿತು.
ನಗರದಿಂದ, ನಿದ್ದೆ ಮೆತ್ತಿದ ದನಿ:
ಮಂಜಿತ್ತು, ಆಚೆ ಕಡೆ ಇಳಿದುಬಿಟ್ಟೆ,
ಬಸ್ಸು ಸಿಕ್ಕಿತು, ಮನೆಗೆ ಬಂದು ಮಲಗಿದೆ,
ಈಗ ಎಚ್ಚರವಾದಾಗ ಆ ಪುಸ್ತಕ ನೆನಪಾಗಿ,
ಚಾಕೊಲೇಟಿನ ರಸೀದಿಯಲ್ಲಿ ನಿಮ್ಮ ನಂಬರು...

ಬೈಯಲೆಂದೇ ಬಾಯಿ ತೆರೆದಳು. ಬಂದದ್ದು:
"ಎಷ್ಟು ಹೊತ್ತಿಗೆ ಇಳಿದೆ, ಮಗಾ?"
"ನಾಲ್ಕು. ನಾಲ್ಕೂಕಾಲು ಇರಬಹುದು."
ನಾಲ್ಕೂಕಾಲು ಎಂದು ಬರೆದಳು.

ಒಬ್ಬ ನಕ್ಕ. ಒಬ್ಬ ಆಗಲೇ
ಆಲೂಗೆಡ್ಡೆ ಮೂಟೆಗೊರಗಿ ಗೊರಕೆ ಹೊಡೆಯುತ್ತಿದ್ದ.
ಮುರ್ಡೋ ಕುರಿ ಬಿಡಬೇಕೆಂದು ಎದ್ದು ಹೋದ.

ಹದಿನೇಳು ಹತ್ತಿ ಹದಿನೇಳು ಇಳಿದರೂ
ಲೆಕ್ಕ ಸರಿಬರಲಿಲ್ಲ ಅವಳಿಗೆ.
ಮಾಳಿಗೆಯಿಂದ ಹಳೆಯ ಪುಸ್ತಕ ಇಳಿಸಿ ಹಾಳೆ ತಿರುವಿದಳು.
ಮೂವತ್ತೊಂದು ವರ್ಷ. ಎಲ್ಲೆಲ್ಲಿಯದೋ ಹೆಸರು.
ಊರಿನವರದು ಒಂದೂ ಇಲ್ಲ.

ಪೆನ್ಸಿಲು ಚೂಪು ಮಾಡಿಕೊಂಡು ಬರೆದಳು:
ಮುರ್ಡೋ. ಟಾರ್ಕಿಲ್. ಮೇಷ್ಟ್ರು ಗಿಲೀಸ್.
ಪಾದ್ರಿಯ ಮಗಳು ಊನಾ.
ತಂಗುದಾಣದ ಅಡುಗೆಯವ, ಪೋಲೆಂಡಿನ ಬೊಗುಮಿಲ್
(ಕಾಗುಣಿತ ಕೇಳಿಕೊಂಡು).
ಹತ್ತಿದ ಹೊತ್ತು: ರಾತ್ರಿ ಒಂಬತ್ತು.
ಇಳಿದ ಹೊತ್ತು: ಬೆಳಿಗ್ಗೆ ಆರು.
ಯಾವ ಬೆಟ್ಟ ಎಂಬಲ್ಲಿ ಸ್ವಲ್ಪ ತಡೆದು
ವಿಟಕರ್ ಎಂದು ಬರೆದಳು.

ಸಂಜೆ ತಂಬಾಕಿಗೆ ಬಂದ ಮುರ್ಡೋ
ಕನ್ನಡಕ ಹಣೆಗೇರಿಸಿ, ಪುಸ್ತಕ ಮೂಗಿಗೆ ಹಿಡಿದು ಓದಿದ.
"ಆರಲ್ಲ. ಐದೂ ಐವತ್ತು" ಅಂದ.
ಅವಳು ರಬ್ಬರು ಹುಡುಕತೊಡಗಿದಳು.